ಸುಣ್ಣದ ಅಂಕಿ

ಕಾರವಾರದ ಕೋಠಿ ಎದ್ದುಹೋದ ಮೇಲೆ
ಮೆಣಸಿನ ಮೂಟೆಗಳ ಮೇಲೆ ಮಲಗಿ ಮುಂಬಯಿಗೆ ಬಂದವನು,
ದುಗ್ಗ ಶಾನಭಾಗ, ಕಂಪನಿಯ ಗುಮಾಸ್ತ.
ನಾಲ್ಕು ಭಾಷೆಯಲ್ಲಿ ಕೂಡಿಸಬಲ್ಲೆ.
ಕಳೆಯುವುದನ್ನು ಇಲ್ಲಿ ಕಲಿತೆ.

ಸಾಷ್ಟಿಯ ತನಕ ಕುದುರೆ ಬಂದಿವೆಯೆಂದು ಸುದ್ದಿ.
ಕೋಟೆಯ ಗೋಡೆಯಿಂದ ತೋಪಿನ ಗುಂಡು ಹಾರುವಷ್ಟು ದೂರ
ಏನೂ ನಿಲ್ಲಬಾರದೆಂದು ಕೌನ್ಸಿಲಿನ ಹುಕುಂ:
ಮರ, ಮನೆ, ಬೇಲಿ, ಶಿಲುಬೆ, ಗುಡಿ.
ಹುಕುಂ ಹೊರಡುವ ಮುನ್ನ ಮೂರು ದಿನ ಒಳಗೆ ಜಗಳ,
ಗಾಜಿನ ಲೋಟ ಒಡೆದ ಸದ್ದು ಜಗಲಿಗೂ ಕೇಳಿತು.
ದೊರೆಗಳಲ್ಲೊಬ್ಬನ ತೋಟ ಗೋಡೆಯ ಪಕ್ಕದಲ್ಲೇ ಇತ್ತು.
ನಾಲ್ಕನೆಯ ಬೆಳಿಗ್ಗೆ ಅಳತೆಯ ಹಗ್ಗ
ಅಲ್ಲಿಗೆ ಬಂದಾಗ ಕೊಂಚ ಬಳುಕಿತು.
ತುದಿ ಹಿಡಿದಿದ್ದವನು ನಾನೇ.

ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ
ಅನ್ನುತ್ತಿದ್ದಳು ನಮ್ಮಮ್ಮ.
ಬೆಣ್ಣೆ ಎಲ್ಲಿ ಹೋಯಿತೋ,
ನನ್ನ ಕೈಗೆ ಕೊಟ್ಟದ್ದು ಸುಣ್ಣದ ಗಡಿಗೆ, ತೆಂಗಿನ ನಾರಿನ ಕುಂಚ.
ಮರಕ್ಕೊಂದು ಅಂಕಿ. ಅಂಕಿಗೆ ಎರಡು ರೂಪಾಯಿ.

ಚಾಂಗುಣಾ ಭಂಡಾರಿಣಿಯ ಹಿತ್ತಿಲಲ್ಲಿ ನಲವತ್ತೊಂದು.
ಗಂಡ ಹದಿನೇಳನೆಯದರಿಂದ ಬಿದ್ದು ಸತ್ತದ್ದು,
ಆದರೂ ಹೆಚ್ಚು ಸೇಂದಿ ಇಳಿಯುವುದು ಅದರಲ್ಲೇ
ಎಂದು ತೋರಿಸಿದಳು,
ಬರೆದುಕೊಳ್ಳಲು ನನ್ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

'ಈ ದ್ವೀಪವನ್ನು ನಿಮ್ಮವರು ಎಷ್ಟಕ್ಕೆ ಹಿಡಿದರು?'
ರಾಜನಿಗೆ ವರ್ಷಕ್ಕೆ ಹತ್ತು ಪೌಂಡು, ಅಂದೆ,
ನಮ್ಮ ಲೆಕ್ಕಕ್ಕೆ ಎಂಬತ್ತು ರೂಪಾಯಿ.
ಬೆರಳು ಮಡಚಿದಳು, ಬಿಡಿಸಿದಳು.
'ನನ್ನವು ಎಂಬತ್ತೆರಡು.
ಹಾಗಾದರೆ ನಿಮ್ಮ ದ್ವೀಪಕ್ಕಿಂತ ನನ್ನ ಹಿತ್ತಿಲು
ಎರಡು ರೂಪಾಯಿ ದೊಡ್ಡದು.'
ಆಮೇಲೆ, ನಗುತ್ತ ಇದ್ದವಳು ನಿಲ್ಲಿಸಿ:
'ಅವನಿಗೆ ವರ್ಷವರ್ಷ. ನನಗೆ ಒಂದೇ ಸಲವೇ?'

ಕೊಡಲಿಗಳು ಬಂದದ್ದು ಶನಿವಾರ.
ಗಡಿಗೆ ಇಳಿಸಿಕೊ, ಎಂದೆ. ಅವಳು ಇಳಿಸಲಿಲ್ಲ.
ಹದಿನೇಳು ಬಿದ್ದಾಗ ಮರಳೆಲ್ಲ ಹುಳಿ ನಾರಿತು,
ಕಾಗೆಗಳು ಮಧ್ಯಾಹ್ನದ ತನಕ ತೂರಾಡಿದವು.

ನಮ್ಮ ಮಾತಿನಲ್ಲಿ ಎಣಿಸುವುದೆಂದರೆ
ಲೆಕ್ಕ ಹಾಕುವುದೂ ಹೌದು, ಅಂದುಕೊಳ್ಳುವುದೂ ಹೌದು.
ನಾನು ಎಣಿಸಿದ್ದೆ.
ಹೀಗೆಂದು ಎಣಿಸಿರಲಿಲ್ಲ.

ಬದಲಿಗೆ ಕೊಟ್ಟದ್ದು ಒಡ್ಡಿನಾಚೆ ಜವುಗು ನೆಲ:
ಇಳಿತದಲ್ಲಿ ಕಂಪನಿಯ ಜಮೀನು, ಉಬ್ಬರದಲ್ಲಿ ಕಡಲು.
ಪಟ್ಟಾ ಓದಿ ಹೇಳಿದೆ, ಮರಾಠಿಯಲ್ಲಿ, ಮೆಲ್ಲಗೆ.
'ಇದನ್ನು ಬರೆದಾಗ ನೀರು ಎಲ್ಲಿತ್ತು?' ಎಂದಳು.

ಮರುವರ್ಷ ಕಂದಾಯಕ್ಕೆ ಹೋದೆ.
ಮೀನಿನ ಕರುಳು, ಬೂದಿ, ಒಡೆದ ಹೆಂಚು, ಕೆಸರು
ಹೊತ್ತು ಹೊತ್ತು ಹಾಕಿ
ಎಮ್ಮೆ ಮಲಗುವಷ್ಟು ನೆಲ ಎತ್ತರಿಸಿದ್ದಾಳೆ.
ನಡುವೆ ಒಂದು ತೆಂಗಿನ ಸಸಿ, ಮೂರು ಗರಿ,
ಸುಳಿಯ ತನಕ ಉಪ್ಪು ಹತ್ತಿದೆ.
ಆಳೆತ್ತರ ಬಾರದ್ದಕ್ಕೆ ಲೆಕ್ಕವಿಲ್ಲವೆಂದು ಕಾನೂನು.
ಸೊನ್ನೆ ಬರೆದೆ. ಜೀವನದಲ್ಲಿ ನಾನು ಕಂಪನಿಯಿಂದ
ಕದ್ದದ್ದು ಏನಾದರೂ ಇದ್ದರೆ
ಆ ಸೊನ್ನೆ ಬರೆಯುವಾಗಿನ ಖುಷಿ.

ಬಿಸಿಲು ಇಳಿದಿತ್ತು. ನೀರು ಏರುತ್ತಿತ್ತು.
ಒದ್ದೆ ಸೆರಗಿನ ಗಂಟು ಬಿಚ್ಚಿ
ಎಲೆ ಕೊಟ್ಟಳು, ಅರ್ಧ ಅಡಿಕೆ ಕೊಟ್ಟಳು.
ಸುಣ್ಣ? ಎಂದು ನೋಡಿದೆ.

'ಅದು ನಿನ್ನ ಹತ್ತಿರವೇ ಇದೆಯಲ್ಲ,' ಅಂದಳು.