ಎಷ್ಟು ಕಂತು?

ಈ ಊರಲ್ಲಿ ಬೆಲೆ ಯಾರೂ ಕೇಳುವುದಿಲ್ಲ, ಒತೀಲಿಯ,
ನಿನಗೆ ಗೊತ್ತಲ್ಲ.
ಕೋಟು ಕೈಗೆತ್ತಿಕೊಂಡರೂ, ಚಪ್ಪಲಿಗೆ ಕಾಲು ತೂರಿದರೂ,
ಎರಡು ಕಿಲೋ ಈರುಳ್ಳಿ ಮುಂದಿಟ್ಟರೂ ಸರಿ,
ಗಲ್ಲಾದ ಹುಡುಗಿ ತಲೆಯೆತ್ತದೆ ಕೇಳುತ್ತಾಳೆ:
ಎಷ್ಟು ಕಂತು?

ನೀನು ತೀರಿಕೊಂಡದ್ದು ಜುಲೈ ಚಳಿಯಲ್ಲಿ, ಮಂಗಳವಾರ.
ಬುಧವಾರ ಹೂವು, ಗುರುವಾರ ಮಣ್ಣು,
ಶುಕ್ರವಾರ ನಾನು ಮತ್ತೆ ಮೀನು ಡಬ್ಬಿಯ ಕಾರ್ಖಾನೆಗೆ.
ಬೆಳಗಿನ ಪಾಳಿ. ಐದೂವರೆಯಿಂದ ಬರೀ ತಲೆ ಕತ್ತರಿಸುವ ಕೆಲಸ.
ಒಂದು ಹನಿ ಅಳಲಿಲ್ಲ.
ಶನಿವಾರ ಸಂಜೆ ದೊಡ್ಡಂಗಡಿಯ ಮೂರನೇ ಮಹಡಿಯಲ್ಲಿ
ಬಿಸಿಗಾಳಿಯ ಯಂತ್ರದ ಕೆಳಗೆ ನಿಂತು
ಕೆಂಪು ಕೋಟೊಂದರ ತೋಳು ಹಿಡಿದೆ.
ಯಾರದೋ ಕೈ ಹಿಡಿದ ಹಾಗಿತ್ತು.
ಹನ್ನೆರಡು, ಅಂದೆ.

ಆಮೇಲಿನದು ಬಿಡು.
ಪಿಂಗಾಣಿ ಕಪ್ಪು ಆರು, ಆರು ಕಂತು.
ಬೂಟು, ಹದಿನೆಂಟು.
ಭಾನುವಾರ ನಾಲ್ಕರಿಂದ ಆರು,
ಬಿಸಿ ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ನೀನು ಬರುತ್ತಿದ್ದ ಹೊತ್ತು,
ಅದೇ ನನ್ನ ಕೆಟ್ಟ ಗಳಿಗೆ.
ಚೀಲ ಹಿಡಿದು ಬಸ್ಸಿಳಿಯುವಾಗ ಎದೆ ಹಗುರ.
ಬಾಗಿಲ ಬೀಗ ತೆಗೆಯುವಷ್ಟರಲ್ಲಿ
ಮುಗಿಯಿತು.
ಬಿಚ್ಚದೆ ಮಂಚದಡಿ ತಳ್ಳಿದ್ದೇ ಹೆಚ್ಚು.

ಮಾರ್ಚಿನಲ್ಲಿ ಮೂರು ಅಂಗಡಿಯ ಲಕೋಟೆ ಒಟ್ಟಿಗೆ ಬಂದವು.
ಕಿರಾಣಿಯ ಎಲಿಸೆಯೊ ಹತ್ತಿರ ಕ್ಯಾಲ್ಕ್ಯುಲೇಟರ್ ಇಸಿದುಕೊಂಡೆ.
ಇಪ್ಪತ್ತೊಂದು ಲಕ್ಷದ ಎಂಬತ್ತು ಸಾವಿರ ಪೆಸೊ.
ಸೊನ್ನೆಗಳನ್ನು ಎರಡು ಸಲ ಎಣಿಸಿದೆ,
ಎಣಿಸಿದರೆ ಕಡಿಮೆಯಾಗುತ್ತವೇನೋ ಅಂತ.
ಮಾರಿದರೆ ಎಷ್ಟು ಹುಟ್ಟೀತು ಎಂದು
ಮಂಚದಡಿಯದನ್ನೆಲ್ಲ ನೆಲಕ್ಕೆಳೆದೆ.
ಕೋಟು ತೊಟ್ಟರೆ ಭುಜಕ್ಕೆ ಹಿಡಿಸಲಿಲ್ಲ.
ಬೂಟು ಮೂವತ್ತಾರು.
ನನ್ನ ಕಾಲು ಮೂವತ್ತೊಂಬತ್ತು. ದೋಣಿ, ದೋಣಿ ಅಂತ
ನಗುತ್ತಿದ್ದವಳು ನೀನೇ.
ಒಂದೊಂದನ್ನೂ ತಿರುಗಿಸಿ ನೋಡಿದೆ. ಎಲ್ಲ ನಿನ್ನ ಅಳತೆ.
ಎಂಟು ತಿಂಗಳು
ಸತ್ತವಳಿಗೆ ಬಟ್ಟೆ ಕೊಂಡಿದ್ದೆ, ಬಡ್ಡಿ ಸಮೇತ.
ಆಗ ಬಂತು ಅಳು.
ಅದಕ್ಕೆ ಕಂತು ಇರಲಿಲ್ಲ.

ಮೀನಿನ ಕತ್ತರಿಯಲ್ಲೇ ಕಾರ್ಡು ಕತ್ತರಿಸಿದೆ.
ದೊಡ್ಡ ಸಾಹಸವೇನಲ್ಲ, ಹದಿನೈದು ದಿನಕ್ಕೆ
ಅಂಗಡಿಯವರು ಹೊಸದು ಕಳಿಸಿದರು,
ಶುಭಾಶಯದ ಚೀಟಿಯ ಜೊತೆ. ಅದನ್ನೂ ಕತ್ತರಿಸಿದೆ.

ತಾಲ್ಕಾವಾನೊದ ಭಾನುವಾರದ ಸಂತೆಗೆ ಒಂದು ಬಾಲವಿದೆ,
ತರಕಾರಿ ಮುಗಿದ ಮೇಲೆ ಹಳೆ ಸಾಮಾನಿನವರ ಸಾಲು.
ಸಾಲ ಕರೆತಂದ ಸಾಲು.
ಹೊದಿಕೆ ಹಾಸಿ ಕೂತೆ, ನಾಲ್ಕರಿಂದ ಆರು, ಅದೇ ಹೊತ್ತು.
ಅಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ,
ಪಕ್ಕದವಳ ಗಡಿಯಾರ ಮುಟ್ಟಿ ನೋಡುತ್ತಿತ್ತು.
ಒಮ್ಮೆ ಕೊಂಡೂಬಿಟ್ಟೆ. ನಡೆಯದ ಗಡಿಯಾರ.
ಕೋಟನ್ನು ಒಬ್ಬ ತೆಳ್ಳನೆಯ ಹುಡುಗಿ ಎತ್ತಿಕೊಂಡಳು.
ಒಮ್ಮೆಯೂ ತೊಟ್ಟಿಲ್ಲವಲ್ಲ, ಯಾರದು?
ನನ್ನ ತಂಗಿಯದು, ಅಂದೆ.
ಕೊಟ್ಟ ಬೆಲೆಯ ಕಾಲು ಭಾಗವೂ ಸಿಗಲಿಲ್ಲ.
ಅವಳು ತೊಟ್ಟುಕೊಂಡೇ ಹೋದಳು,
ಮೂಲೆ ತಿರುಗುವ ತನಕ ಬೆನ್ನು ನೋಡಿದೆ.

ಎರಡೂ ಕಾಲು ವರ್ಷವಾಯಿತು.
ರಾತ್ರಿ ಪಾಳಿ, ಹಬ್ಬದ ಪಾಳಿ, ಒಂದೇ ಸ್ವೆಟರು.
ಕೊನೆಯ ಕಂತಿನ ದುಡ್ಡು ಕಿಸೆಯಲ್ಲೇ ಇತ್ತು,
ಆದರೂ ನಾಲ್ಕು ದಿನ ತಡ ಮಾಡಿದೆ.
ತೀರಿತು ಅನ್ನುವ ಮಾತನ್ನು
ಒಮ್ಮೆ ಕೇಳಿದ್ದೇ ಸಾಕಾಗಿತ್ತು ನನಗೆ.
ಕಡೆಗೆ ಇವತ್ತು ಕಟ್ಟಿದೆ. ರಸೀದಿಗೆ ಠಸ್ಸೆ ಒತ್ತಿದರು,
ಅಷ್ಟೇ. ಯಾರೂ ಏನೂ ಹೇಳಲಿಲ್ಲ.

ಹೊರಗೆ ಬಂದರಿನ ಕಡೆಯಿಂದ ಇರಚಲು ಮಳೆ.
ಬಾಗಿಲಲ್ಲೇ ಕೊಡೆಗಳ ಬುಟ್ಟಿ ಇಟ್ಟಿದ್ದಾರೆ,
ಅವರಿಗೇನು ಗೊತ್ತಿಲ್ಲವೇ!
ನಿಂತೆ.
ಇದು ಮಳೆಗೆ ನೆನೆಯುವುದೋ, ನಿನ್ನ ನೆನೆಯುವುದೋ
ತಿಳಿಯಲಿ ಅಂತ ನೂರರ ತನಕ ಎಣಿಸಿದೆ.
ನೂರಾದ ಮೇಲೂ ಅದು ಮಳೆಯೇ.
ಕಪ್ಪು ಕೊಡೆಯೊಂದನ್ನು ಎತ್ತಿಕೊಂಡು ಒಳಗೆ ಹೋದೆ.
ಎಷ್ಟು ಕಂತು?
ಒಂದೂ ಇಲ್ಲ, ಅಂದೆ, ನಾಣ್ಯ ಎಣಿಸತೊಡಗಿದೆ.

ಆಗ ಆ ಹುಡುಗಿ ತಲೆಯೆತ್ತಿದಳು.