ಮಾಳಿಗಿ ಇಲ್ಲದ ಊರಾಗ ಹಲ್ಲು

ನಾಕೂವರಿಗೆ ನಳ ಕೆಮ್ಮತದ.
ಇಪ್ಪತ್ತು ನಿಮಿಷದಾಗ ಎರಡು ಡ್ರಮ್ಮು, ಹನ್ನೊಂದು ಕೊಡ,
ಚಾದ ಪಾತೇಲಿ, ಹುಡುಗೂರ ಆಟದ ಬಕೀಟು ಸೈತ.
ತೂತಿಲ್ಲದ್ದನ್ನೆಲ್ಲ ತುಂಬೂದು:
ಡೊಂಬಿವಲಿ ನನಗ ಕಲಿಸಿದ ಮದಲನೇ ಪಾಠ.

ಒಂದ ಖೋಲಿ. ನೆಲಕ್ಕ ಬಿಳೀ ಫರಸಿ, ಒಂದೊಂದು ಫೂಟು.
ಗ್ವಾಡಿಯಿಂದ ಗ್ವಾಡಿತನಕ ಐದು ಮಕ್ಕಳು.
ದಾನಮ್ಮ ಐದು ಫರಸಿ ದಾಟಿ ನಾಕು ಬೆರಳು.
ಶರಣೂ ಐದು ಮುಟ್ಟಿಲ್ಲ,
ನಿದ್ದ್ಯಾಗೂ ಕಾಲು ಚಾಚಿ ಚಾಚಿ ನೋಡತಾನ.
ರೇವಣ, ಸಿದ್ಧ ಇಬ್ಬರೂ ನಾಕು.
ಹರಕಿ ಹೊತ್ತದ್ದು ಒಂದ ಹೆಸರಿಗೆ, ಬಂದವರು ಇಬ್ಬರು;
ರೊಟ್ಟಿ ಮುರಿದಂಗ ರೇವಣಸಿದ್ಧನ್ನ ಮುರಿದು ಕೊಟ್ಟಿವಿ.
ದೊಡ್ಡ ತುಂಡು ಅವಗ್ಯಾಕ ಅಂತ
ಸಿದ್ಧನ ಜಗಳ ಇನ್ನೂ ಹರಿದಿಲ್ಲ.
ತುದಿಗೆ ಗಂಗೂ: ಮೂರೂವರಿ, ಮ್ಯಾಲ ಜುಟ್ಟು.

ಇವರಪ್ಪ ರಾತ್ರೆಲ್ಲಾ ಪಾವಿನ ಭಟ್ಟೀ ಮುಂದ ನಿಂತು
ಬೆಳಕು ಹರಿಯೂದರಾಗ ಬರತಾರ, ಹುಬ್ಬಿನ ತುಂಬ ಮೈದಾ.
ನಿಂತ ಮಕ್ಕಳನ್ನ ಅವರು ನೋಡಿದ್ದ ಕಡಿಮಿ.
ಬಾಗಲದಾಗ ಚಪ್ಪಲಿ ಬಿಟ್ಟು
ಮಲಗಿದವರ ಬೆಳವಣಿಗಿ ಫರಸೀ ಮ್ಯಾಲ ಎಣಸತಾರ.
"ಸಿದ್ಧ ಅರ್ಧ ಗೇಣು ಎದ್ದಾನಲ್ಲ!" ಅಂದರು ಮನ್ನೆ.
ಅವನ ಸಾಲೀ ಪ್ಯಾಂಟು ಗಿಡ್ಡಾಗಿ ತಿಂಗಳಾಗಿತ್ತು.

ಆರಕ್ಕ ಸಂಡಾಸದ ಸರದಿ.
ಗಂಗೂ ಮದಲ ಆಡಿದ ಮಾತು ಅವ್ವಾ ಅಲ್ಲ, ಅಪ್ಪಾ ಅಲ್ಲ,
ಆ ಸರದ್ಯಾಗ ಕೇಳಿ ಕಲತ "ಪುಢೇ ಚಲಾ!"
ಏಳಕ್ಕ ಐದು ಡಬ್ಬಿ, ಮುಚ್ಚಳ ನಾಕು.
ಶರಣೂ ಮಗ್ಗಿ ಮರಾಠ್ಯಾಗ ಅಂತಾನ,
ಸಿಟ್ಟು ಮಾತ್ರ ಕನ್ನಡದಾಗ.

ದಾನೂ ದೊಡ್ಡಾಕಿ ಆದದ್ದು ಗಣಪತಿ ಕಳಸೂ ದಿನ.
ಕೂಡಸಲಿಕ್ಕೆ ಖೋಲ್ಯಾಗ ಖಾಲಿ ಮೂಲಿ ಎಲ್ಲೆದ?
ಹಗ್ಗಾ ಕಟ್ಟಿ ನನ್ನ ಇಳಕಲ್ ಸೀರಿ ಇಳಿಬಿಟ್ಟೆ.
ಸೀರೀ ಈಚಿ ನಾಕು ಮೂಗು:
"ಒಳಗ ಅಕ್ಕ ಏನು ತಿನ್ನಾಕತ್ತಾಳ?"
ಸ್ವಲ್ಪ ಹೊತ್ತಿಗೆ ದಡೀ ಬುಡದಾಗಿಂದ
ಅಂಟಿನುಂಡಿ ಒಂದೊಂದ ಉರುಳಿ ಬಂದವು.

ಈ ಸೋಮವಾರ ಗಂಗೂನ ಮದಲನೇ ಹಲ್ಲು ಬಿತ್ತು.
ನಮ್ಮೂರಾಗಾದರ ಸೆಗಣ್ಯಾಗ ಸುತ್ತಿ ಮಾಳಿಗೀ ಮ್ಯಾಲ ಒಗೀತಿದ್ದಿವಿ.
ಇಲ್ಲೆ ನಮ್ಮ ತಲೀ ಮ್ಯಾಲ ಮತ್ತೊಬ್ಬರ ನೆಲ,
ಅವರ ತಲೀ ಮ್ಯಾಲ ಇನ್ನೊಬ್ಬರದು,
ಗಚ್ಚಿಗೆ ಮಾಲಕನ ಕೀಲಿ.
ಹಿಂದ ದಾನೂನ ಹಲ್ಲು ಮುಟಿಗ್ಯಾಗ ಹಿಡಕೊಂಡು
ನಾ ಕಣ್ಣೀರು ಹಾಕಿದಾಗ ಇವರಪ್ಪ ಅಂದಿದ್ದರು:
"ಹುಚ್ಚಿ, ಈ ಊರಾಗ ಗಳಿಗಿಗೊಂದು ಮಾಳಿಗಿ ಓಡತದ."
ಅವತ್ತಿಂದ ಸೆಗಣಿ ಬದಲಿ ಕಣಕ, ಮಾಳಿಗಿ ಬದಲಿ ಲೋಕಲ್ ಗಾಡಿ.
ದಾನೂನ ಹಲ್ಲು ಕರ್ಜತಕ್ಕ ಹೋಗ್ಯಾವ,
ಶರಣೂನವು ಅಂಬರನಾಥಕ್ಕ,
ಅವಳಿಗೂಳದ್ದು ಯಾವುದು ಎಲ್ಲಿ ಇಳೀತೋ ದೇವರಿಗೇ ಗೊತ್ತು.

ಗಂಗೂಗ ಕಸಾರಾ ಗಾಡೀನ ಬೇಕಂತ. ಅದ ಭಾಳ ದೂರ.
ಪೂಲಿಗೆ ಈಗ ಪತ್ರಾ ಹೊಡದಾರ;
ಒಂದು ತೂತು ಅದ, ಆ ತೂತು ನಮ್ಮದು.
ನಿದ್ದಿ ಬಿಟ್ಟು ಬಂದ ಅಪ್ಪನ ಹೆಗಲ ಮ್ಯಾಲ ಗಂಗೂ,
"ಈಗ ಬಿಡು! ಈಗಲ್ಲ! ಈಗ!" ಅಂತ ಮೂವರು ಅಣ್ಣಗೋಳು.
ಗಾಡಿ ಬಂತು, ಹೋತು.
ಹತ್ತಿತೋ, ಜಾರಿತೋ, ಯಾರೂ ನೋಡಲಿಲ್ಲ.

ಬಾಲ ಸಿಗ್ನಲ್ ದಾಟಿದ ಮ್ಯಾಲ ನೆನಪಾತು:
ಅದ ಗಾಡ್ಯಾಗ ದಾನೂ ಇದ್ದಳು,
ಹೆಂಗಸರ ಡಬ್ಯಾಗ, ಇಸ್ತ್ರಿ ಮಾಡಿದ ಬಿಳೀ ಅಂಗಿ,
ಕಲ್ಯಾಣದ ದವಾಖಾನ್ಯಾಗ ಕೆಲಸದ ಮದಲ ದಿನ.
ಪೂಲಿನ ಮ್ಯಾಲ ನಿಂತು ಕೈ ಬೀಸತೀವಿ ಅಂದಿದ್ದಿವಿ.

ರಾತ್ರಿ ಹತ್ತಕ್ಕ ಬಂದಳು. ನಾ ಅನ್ನಬೇಕಾದ್ದು
ಅನ್ನೂದರಾಗ ಗಂಗೂ ಎದ್ದು ಕೂತಳು:
"ಅಕ್ಕಾ, ನಿನ್ನ ತಲೀ ಮ್ಯಾಲ ಟಕ್ ಅಂತೇನ?"
ದಾನೂ ನನ್ನ ಮುಖ ನೋಡಿದಳು, ಆಮ್ಯಾಲ ಆಕಿ ಬಾಯಾಗಿನ ಕಿಂಡಿ.
"ಅಂತು. ಠಾಕುರ್ಲಿ ತನಕ ಕೇಳಸಾಕತ್ತಿತ್ತು."
ಕಾಲೂ ತೊಳೀಲಿಲ್ಲ,
ತನ್ನ ಐದು ಫರಸಿ ಮ್ಯಾಲ ಅಡ್ಡಾದಳು.
ಸಿದ್ಧನ ಕಾಲು ಅಲ್ಲೇ ಇತ್ತು, ಸರಿಸಿದೆ.

ನೀರಿಗೆ ಇನ್ನ ಆರು ತಾಸು.