ಮೊದಲ ಸಾಲಿನವರು

ಹರಕೆಯ ಸಿನಿಮಾಕ್ಕೆ ನೋಡುವವರು ಬೇಕಿಲ್ಲ.
ಉಡೊನ್ ಥಾನಿಯಿಂದ ಎರಡು ತಾಸು, ಗದ್ದೆಯಂಚಿನ ಗುಡಿ,
ಎರಡು ಬಿದಿರಿನ ನಡುವೆ ಬಿಗಿದ ಪರದೆ,
ಕೆಂಪು ಪ್ಲಾಸ್ಟಿಕ್ ಕುರ್ಚಿ ನಲವತ್ತು, ಎಲ್ಲ ಖಾಲಿ.
ಮೊದಲ ಸಾಲಿನ ಒಂದೊಂದು ಕುರ್ಚಿಗೂ
ಒಂದು ಮುಷ್ಟಿ ಅಂಟನ್ನ, ಸ್ಟ್ರಾ ಹಾಕಿದ ಕೆಂಪು ಸೋಡಾ.
ಊದುಬತ್ತಿ ಹಚ್ಚಿ ಕಾಂಪುನ್ ನನ್ನ ಕಡೆ ನೋಡುತ್ತಾನೆ:
ಬಂದಾಯಿತು, ಶುರು ಮಾಡಿ.

ಮೂವತ್ತೆಂಟು ವರ್ಷದಿಂದ ಸತ್ತವರಿಗೆ ಸಿನಿಮಾ ತೋರಿಸುತ್ತಿದ್ದೇನೆ.
ರೀಲು ನನ್ನದು, ಮೈಕೂ ನನ್ನದು.
ನಾಯಕ, ನಾಯಕಿ, ಪೊಲೀಸು, ಪೊಲೀಸಿನವನ ನಾಯಿ,
ಎಲ್ಲರಿಗೂ ಇದೊಂದೇ ಗಂಟಲು.
ಹಾಸ್ಯ ಹಾಕಿದ್ದೇನೆ, ಹೊಡೆದಾಟ ಹಾಕಿದ್ದೇನೆ,
ದೆವ್ವದ್ದು ಮಾತ್ರ ಎಂದೂ ಇಲ್ಲ.
ಕುಂಟನ ಮುಂದೆ ಕುಂಟಿ ನಕ್ಕ ಹಾಗಾದೀತೆಂಬ ಅಂಜಿಕೆ.

ಈ ಸಲ ದುಡ್ಡು ಬುವಾಲೈಯದು.
ರವಿಕೆಯೊಳಗೆ ಬೆವರಿದ ನೋಟು ಎರಡೆರಡು ಸಲ ಎಣಿಸಿ,
"ದೆವ್ವದ್ದೇ ಹಾಕು. ಹಳೆಯದು.
ಅಕ್ಕಿ ಡಬ್ಬಿಯದೊಂದು ಇದೆಯಲ್ಲ, ಅದು.
ನಮ್ಮವನಿಗೆ ಬೇರೆ ಯಾವುದೂ ಹಿಡಿಸುತ್ತಿರಲಿಲ್ಲ.
ಹೆದರಿ ಹೆದರಿ ನನ್ನ ಮೊಣಕೈ
ನೀಲಿಗಟ್ಟಿಸುತ್ತಿದ್ದ, ಪುಣ್ಯಾತ್ಮ."

ಹಾಕಿದೆ.

ಬಣ್ಣ ಮಾಸಿ ಕತ್ತಲೆಯೆಲ್ಲ ಗುಲಾಬಿಯಾದ ರೀಲು.
ಆ ಗುಲಾಬಿ ಇರುಳಲ್ಲಿ ಹೊಸ ಮನೆಗೆ ಬಂದವಳು
ಅಕ್ಕಿ ಡಬ್ಬಿಗೆ ಕೈ ಹಾಕುತ್ತಾಳೆ.
ಬೊಗಸೆ ಅಕ್ಕಿ. ಮತ್ತೆ ಹಾಕುತ್ತಾಳೆ. ಬೊಗಸೆ ಅಕ್ಕಿ.
ಕಸುಬು ಇರುವುದು ಇಲ್ಲಿ, ನೋಡಿ:
ಮೂರನೆಯ ಸಲವೂ ಅಕ್ಕಿಯೇ ಬರುತ್ತದೆ.
ಅವಳು ಮುಚ್ಚಳ ಹಾಕಿ, ಕೈ ಒರೆಸಿ,
ಮಗುವಿಗೆ ಅರ್ಧ ಜೋಗುಳ ಹೇಳಿ,
ನಾವೂ ಹಿಡಿದ ಉಸಿರು ಬಿಟ್ಟು,
ಎಲ್ಲರೂ ಊಟಕ್ಕೆ ಕೂತ ಮೇಲೆ
ಗಂಡನ ಬಾಯಿಂದ, ಎಳೆದಷ್ಟೂ ಮುಗಿಯದೆ,
ಒಂದು ಕೂದಲು.

ಅಳಿಸುವುದು ಸುಲಭ, ತಾಯಿಯನ್ನು ಸಾಯಿಸಿದರಾಯಿತು.
ಹೆದರಿಸುವವನಿಗೆ ಅಡುಗೆಯವನ ತಾಳ್ಮೆ ಬೇಕು,
ಯಾವಾಗ ಮುಚ್ಚಳ ತೆಗೆಯಬಾರದು ಎಂದು ಗೊತ್ತಿರಬೇಕು.

ಕಪ್ಪೆಗಳು ಸುಮ್ಮನಾದವೋ, ನನಗೆ ಕಿವಿ ಕಟ್ಟಿತೋ.
ಹಿಂದೆ ಚಾಪೆಯ ಮೇಲೆ ಬುವಾಲೈ
ತನ್ನ ಮೊಣಕೈ ತಾನೇ ಹಿಡಿದು ಕೂತಿದ್ದಳು.
ನಾನು ಹೆಂಡತಿಯಾಗಿ ಕಿರುಚಿದೆ,
ಮಗುವಾಗಿ ಅತ್ತೆ,
ಆಮೇಲೆ ಕೂದಲಿನವಳಾಗಿ ಕೇಳಿದೆ:
ನನ್ನ ಒಲೆಯಲ್ಲಿ ಬೆಂಕಿ ಹಾಕಿದವರು ಯಾರು?

ಆಗ ಹೊಳೆಯಿತು, ಮೂವತ್ತೆಂಟು ವರ್ಷ ತಡವಾಗಿ.
ಬೇರೆ ಚಿತ್ರಗಳಲ್ಲಿ ಸತ್ತವರು ಪಟವಾಗಿ ಗೋಡೆ ಸೇರುತ್ತಾರೆ,
ಅವರ ಕೆಳಗೇ ಕೂತು ನಾಯಕ ಉಣ್ಣುತ್ತಾನೆ.
ಇಂಥವುಗಳಲ್ಲಿ ಮಾತ್ರ ಅವರಿಗೂ ಒಂದು ಪಾತ್ರ.
ಬಾಗಿಲು ನೂಕಬಹುದು, ಮುನಿಯಬಹುದು,
ತಮಗೆ ಏನಾಯಿತೆಂದು ಹೇಳಬಹುದು,
ಇರುವವರು ನಿದ್ದೆಯಿಂದೆದ್ದು ಕೇಳಲೇಬೇಕು.
ನಾನು ಇಷ್ಟು ವರ್ಷ ಅವರಿಗೆ
ಪರರ ಮದುವೆ ತೋರಿಸಿ ಕಳಿಸಿದ್ದೆ.

ಕೊನೆಯ ರೀಲು. ಭಿಕ್ಷು ಬರುತ್ತಾನೆ, ಬಿಳಿ ನೂಲು ಹಿಡಿದು:
ಇನ್ನು ಹೊರಡುತ್ತೀಯಾ?
ಹಾಳೆಯಲ್ಲಿ ಅವಳಿಗೆ ಇದ್ದದ್ದು ಒಂದೇ ಮಾತು, ಹೊರಟೆ.
ತುಟಿಯೂ ಅಷ್ಟಕ್ಕೇ ಅಲ್ಲಾಡಿತು.
ನನ್ನ ಬಾಯಿಗೆ ಬಂದದ್ದು ಬೇರೆ:
"ಊಟ ಮಾಡಿಕೊಂಡು ಹೋಗುತ್ತೇನೆ."

ಚಾಪೆಯ ಕಡೆಯಿಂದ ನಗು ಕೇಳಿತು.
ಹಿಂದೆ ತಿರುಗಿ ನೋಡಲಿಲ್ಲ; ಒಬ್ಬಳದೇ ನಗು ಎಂದೇ
ಇವತ್ತಿಗೂ ಲೆಕ್ಕ ಇಟ್ಟಿದ್ದೇನೆ.

ಪರದೆ ಮಡಚಿ, ಕುರ್ಚಿ ಒಂದರೊಳಗೊಂದು ಸೇರಿಸಿ,
ಹುಣಿಸೆಮರದ ಆಚೆ ಉಚ್ಚೆಗೆ ಹೊರಟವನು
ನಾಲ್ಕು ಹೆಜ್ಜೆಗೇ ನಿಂತೆ.
ಅರವತ್ತೊಂದರ ಗಂಡಸು, ಸೀಮೆಯ ದೆವ್ವಗಳಿಗೆಲ್ಲ ದನಿ ಕೊಟ್ಟವನು,
ಎದೆ ಹದಿನಾಲ್ಕರ ಹುಡುಗನದರಂತೆ ಹೊಡೆದುಕೊಳ್ಳುತ್ತಿತ್ತು.
ಎಷ್ಟು ದಿನವಾಗಿತ್ತು!

"ಕಾಂಪುನ್," ಎಂದೆ,
"ಟಾರ್ಚು ತಗೊಂಡು ಬಾರೋ. ನೀನೂ ಬಾ."